ಸುಮ್ಮನಿದ್ದರೆ ಮೂಡುವ ಗೆರೆ

ತೊಂಬತ್ತರ ದಶಕದಲ್ಲಿ ನಂಜನಗೂಡಿನ ನಮ್ಮ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರೊಬ್ಬರಿದ್ದರು. ಅಂಟು ಕರಗಿಸಿದ ನೀರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಕಣಗಳನ್ನು ಬೆರೆಸಿ, ಆ ಹಾಲಿನಂಥ ದ್ರವವನ್ನು ಗಾಜಿನ ಟ್ಯೂಬಿನಲ್ಲಿ ತುಂಬಿ ಕಿಟಕಿಯ ಬಳಿ ಇಟ್ಟು ಕಾಯುತ್ತಿದ್ದರು. ಕ್ರಮೇಣ ಅದು ಕೆಳಗೆ ಮಂದ, ಮೇಲೆ ತಿಳಿ ಎಂದು ಎರಡಾಗಿ, ನಡುವೆ ನೂಲಿನಂಥ ಗೆರೆ ಮೂಡುತ್ತಿತ್ತು. ಯಾರು ಹತ್ತಿರ ಬಂದರೂ, “ಮುಟ್ಬೇಡಿ ಕಣ್ರೀ, ಗೆರೆ ತಾನಾಗೇ ಬತ್ತದೆ” ಎನ್ನುತ್ತಿದ್ದರು.

ವಿಜ್ಞಾನ ಪ್ರದರ್ಶನದ ದಿನ ಅದನ್ನು ವಿವರಿಸಲು ಕನ್ನಡ ಮೇಷ್ಟ್ರಾದ ನಾನೇ ಮುಂದಾದೆ. ಮೈಕು ಸಿಕ್ಕರೆ ನನ್ನ ಬಾಯಿ ಮಾತ್ರವಲ್ಲ, ಕೈಯೂ ನಿಲ್ಲುವುದಿಲ್ಲ. ನರಸೀಪುರದಲ್ಲಿ ಕಾವೇರಿ, ಕಪಿಲೆ ಕೂಡುವುದನ್ನು ವರ್ಣಿಸುತ್ತ ಹಿಡಿದಿದ್ದ ಟ್ಯೂಬನ್ನೂ ಬೀಸಿದೆ. ಗೆರೆ ಮಾಯವಾಯಿತು. ಕೂಡಿಸುವುದೇ ಪ್ರಯೋಗವೆಂದುಕೊಂಡ ಜನ ಚಪ್ಪಾಳೆ ತಟ್ಟಿದರು.

ಕೆಮಿಸ್ಟ್ರಿ ಮೇಷ್ಟ್ರು ಟ್ಯೂಬನ್ನು ಸ್ಟ್ಯಾಂಡಿಗಿಟ್ಟು, ನನಗೆ ಪಕ್ಕದ ಕುರ್ಚಿ ತೋರಿಸಿದರು. ಸಂಜೆಗೆ ಗೆರೆ ಮೂಡಿತು.

“ನೋಡಿ ಮೇಷ್ಟ್ರೇ, ನೀವು ಸುಮ್ನಾದ್ರಿ, ಅದು ಬಂತು” ಎಂದರು.