ಎದುರುಮನೆ ದಾಸವಾಳ

ನೀವು ನಂಬಲ್ಲ. ಬೆಟ್ ಕಟ್ತೀನಿ ಕಣ್ರೀ, ನಂಬಲ್ಲ! ಅನುಮಾನ ಇದ್ರೆ ದಟ್ಟಗಳ್ಳೀಗೆ ಬಂದು ನಮ್ಮ ಕೊಟ್ಟಿಗೆ ನೋಡ್ಕೊಂಡ್ ಹೋಗಿ.

ನಮ್ಮನೇಲಿ ಎರಡು ಹಸು. ಕೊಟ್ಟಿಗೆ ತೊಳೆದ ನೀರು ಸೀದಾ ಮೋರಿಗೆ ಹೋಗ್ತಿತ್ತು. ಎದುರುಮನೆ ಮೇಡಮ್ಮು, ರಿಟೈರ್ಡ್ ಹೆಡ್‌ಮಿಸ್ಟ್ರೆಸ್ಸು, ನಾತ ಅಂತ ಕಾರ್ಪೊರೇಷನ್ನಿಗೆ ಅರ್ಜಿ ಹಾಕ್ಬುಟ್ರು. ನೋಟಿಸ್ ಬಂತು: ಎರಡು ತಿಂಗಳಲ್ಲಿ ಮೋರಿಗೆ ನೀರು ಬಿಡೋದು ನಿಲ್ಬೇಕು, ಇಲ್ಲಾಂದ್ರೆ ಹಸು ಊರಾಚೆ. ನಮ್ಮೋಳು ಹಸೂನ ಸವರ್ತಾ ಕಣ್ಣೀರಿಟ್ಳು.

ಸುಮ್ನೆ ಕೂರೋ ಗಿರಾಕಿನಾ ನಾನು? ದನದ ಡಾಕ್ಟ್ರನ್ನ ಕೇಳ್ಕೊಂಡ್ ಬಂದು ಡ್ರಮ್ ಜೋಡಿಸ್ದೆ. ಸಗಣಿ, ಗಂಜಲ, ತೊಳೆದ ನೀರು ಎಲ್ಲಾ ಒಂದಕ್ಕೆ. ದಪ್ಪದ್ದು ತಳಕ್ಕೆ ಕೂತ್ಮೇಲೆ ತಿಳಿ ಇನ್ನೊಂದಕ್ಕೆ. ಅದಕ್ಕೆ ಗೊಬ್ಬರದಂಗಡಿ ಎಪ್ಸಮ್ ಉಪ್ಪು ಹಾಕಿ ಕಲಕಿ ಬಿಟ್ಟೆ. ಮಾರನೇ ದಿನ ನೋಡ್ತೀನಿ, ತಳದಲ್ಲಿ ಬಿಳಿ ರವೆ! ನೀರಲ್ಲಿದ್ದ ಗೊಬ್ಬರದ ಸಾರ ಕಣ್ರೀ ಅದು! ಕುಣಿದಾಡ್ಬುಟ್ಟೆ. ಮಿಕ್ಕ ನೀರು ಮರಳು, ಇದ್ದಿಲು, ಕಾಬಾಳೆ ಗಿಡದ ಪಾತಿ ದಾಟಿ ತಿಳಿಯಾಗಿ ಬಂತು. ಅದ್ರಲ್ಲೇ ಮತ್ತೆ ಕೊಟ್ಟಿಗೆ ತೊಳೆದೆ. ಮೋರಿ ಒಣಗ್ತು.

ಅಷ್ಟರಲ್ಲಿ ಮೇಡಮ್ಮು ರಂಗೋಲಿ ಪುಡಿ ಮುಗೀತು ಅಂತ ನಮ್ಮನೇಗೇ ಬಂದ್ರು. ಜಗಳ ಜಗಳಕ್ಕೆ, ರಂಗೋಲಿ ರಂಗೋಲಿಗೆ! ನಮ್ಮೋಳು ಗಡಿಬಿಡೀಲಿ ನನ್ನ ಬಿಳಿ ರವೆ ಡಬ್ಬೀನೇ ಕೊಟ್ಬುಟ್ಳು. ಅವರು ದಿನಾ ರಂಗೋಲಿ ಬಿಟ್ರು, ಮಾರನೇ ದಿನ ತೊಳೆದ್ರು. ಆ ನೀರು ಗೇಟ್ ಪಕ್ಕದ ದಾಸವಾಳದ ಬುಡಕ್ಕೆ ಹೋಯ್ತು. ಒಣಕಲು ಗಿಡ ಮೈತುಂಬಾ ಹೂ ಬಿಡ್ತು!

ಎರಡು ತಿಂಗಳಿಗೆ ಕಾರ್ಪೊರೇಷನ್ನಿನ ಇನ್ಸ್‌ಪೆಕ್ಟ್ರು ಬಂದ್ರು.

"ಮೋರಿ ಒಣಗಿದ್ರೇನು? ಈ ಹಸುಗಳಿಂದ ಬೀದೀಗೆ ಏನ್ ಉಪಯೋಗ?" ಅಂದ್ರು ಮೇಡಮ್ಮು.

ಇನ್ಸ್‌ಪೆಕ್ಟ್ರ ಕಣ್ಣು ದಾಸವಾಳದ ಮೇಲೆ. "ಏನ್ ಹಾಕ್ತೀರಾ ಮೇಡಂ ಇದಕ್ಕೆ?"

"ಏನೂ ಇಲ್ಲಪ್ಪ. ಬಾಗ್ಲು ತೊಳೆದ ನೀರಷ್ಟೇ."

"ನೀವು ಬಿಡ್ತಿರೋ ರಂಗೋಲಿ ನಮ್ಮ ಹಸುಗಳ್ದು ಕಣಮ್ಮ!" ಅಂದೆ ನಾನು. ಡ್ರಮ್ ತಳದ ರವೆ ತಂದು ತೋರಿಸ್ದೆ.

ಮೇಡಮ್ಮೋರ ಮುಖ ಕೆಂಪಾಯ್ತು. ಡಬ್ಬಿ ತಂದು ನನ್ನ ಕೈಗೆ ತುರುಕಿದ್ರು. ಮುಗೀತು ಅನ್ಕೊಂಡೆ.

"ಖಾಲಿಯಾಗಿದೆ. ತುಂಬಿಸ್ಕೊಡಿ. ಹಸು ಇಲ್ಲೇ ಇರ್ಲಿ," ಅಂದು ಇನ್ಸ್‌ಪೆಕ್ಟ್ರ ಎದುರಿಗೇ ಅರ್ಜಿ ವಾಪಸ್ ತಗೊಂಡೆ ಅಂತ ಬರ್ಕೊಟ್ರು.

ಇಷ್ಟರಲ್ಲಿ ಒಂದೇ ಒಂದು ಸುಳ್ಳು ಸೇರಿಸಿದೀನಿ. ನಮ್ಮೋಳು ಗಡಿಬಿಡೀಲಿ ಏನೂ ಕೊಡ್ಲಿಲ್ಲ, ರಂಗೋಲಿ ಡಬ್ಬೀನೇ ಕೊಟ್ಳು. ಅದ್ರಲ್ಲಿ ಬೇಕಂತ್ಲೇ ರವೆ ತುಂಬಿ ಇಟ್ಟಿದ್ದೋನು ನಾನು. ಅವಳಿಗೆ ಇನ್ನೂ ಗೊತ್ತಿಲ್ಲ.