ನಾನೇ ಕತ್ತರಿಸಿಕೊಂಡ ಪ್ಲಾಸ್ಟರ್

ಕಾಲು ಉಳುಕಿದಾಗ ನನಗೆ ಹತ್ತೊಂಬತ್ತು ವರ್ಷ. ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದ ಕಾಲೇಜಿಗೆ ಹೋಗುತ್ತಿದ್ದೆ. ಓದಿದ್ದಕ್ಕಿಂತ ಖೋ-ಖೋ ಆಡಿದ್ದೇ ಹೆಚ್ಚು. ಒಂದು ಸಂಜೆ ಅಭ್ಯಾಸದಲ್ಲಿ ಕಂಬ ಹಿಡಿದು ತಿರುಗುವಾಗ ಬಲಗಾಲಿನ ಹರಡಿನ ಕೀಲು ಒಳಕ್ಕೆ ಮಡಚಿಕೊಂಡಿತು. ಹಸಿ ಕಟ್ಟಿಗೆ ಮುರಿದಂಥ ಸಪ್ಪಳ ನನಗೆ ಕೇಳಿಸಿತು. ಬೇರೆ ಯಾರಿಗೂ ಕೇಳಿಸಲಿಲ್ಲವಂತೆ. ಎದ್ದು ಎರಡು ಹೆಜ್ಜೆ ಇಟ್ಟೆ, ಮೂರನೆಯದಕ್ಕೆ ಕುಸಿದು ಕುಳಿತೆ. ಸವದತ್ತಿಯಲ್ಲಿ ನಡೆಯಲಿದ್ದ ಕಾಲೇಜುಗಳ ಪಂದ್ಯಕ್ಕೆ ಇನ್ನು ಎಂಟೇ ವಾರ ಉಳಿದಿತ್ತು. ನೋವು ಏರುವ ಮೊದಲೇ ನನ್ನ ತಲೆಯಲ್ಲಿ ಆ ಎಂಟು ವಾರ ಏರಿ ಕುಳಿತಿತ್ತು.

ನಮ್ಮ ಮನೆ ಕಿತ್ತೂರಿನಲ್ಲಿ, ಪುಣೆ-ಬೆಂಗಳೂರು ರಸ್ತೆಯ ಬದಿಗೆ. ಮುಂದೆ ಅಪ್ಪನ ಪಂಕ್ಚರ್ ಅಂಗಡಿ, ಹಿಂದೆ ಎರಡು ಕೋಣೆ. ಅವ್ವ ಹುಣಸೆಹಣ್ಣಿಗೆ ಉಪ್ಪು ಹಾಕಿ ಕಾಯಿಸಿ ಪಟ್ಟು ಕಟ್ಟಿದಳು. ಮೂರನೆಯ ದಿನಕ್ಕೆ ಕಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಆಗ ಆಟದ ಮಾಸ್ತರರು ಹೇಳಿ ಕಳಿಸಿದರು: ಬೈಲಹೊಂಗಲದ ಒಂದು ದವಾಖಾನೆಗೆ ಪ್ರತಿ ಮಂಗಳವಾರ ಧಾರವಾಡದ ಡಾಕ್ಟರಬಾಯಿ ಒಬ್ಬರು ಬರುತ್ತಾರೆ, ಆಟಗಾರರ ಉಳುಕಿದ ಕಾಲುಗಳನ್ನಷ್ಟೇ ನೋಡುತ್ತಾರೆ, ಅದರ ಮೇಲೇ ಏನೋ ದೊಡ್ಡ ಪರೀಕ್ಷೆಗೆ ಬರೆಯುತ್ತಿದ್ದಾರೆ.

ಡಾಕ್ಟರಬಾಯಿಗೆ ಮೂವತ್ತರ ಆಸುಪಾಸು. ನೂಲಿನ ಸೀರೆ, ಕನ್ನಡಕ, ಕೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ. ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಟೇಪಿನಿಂದ ಅಳೆದರು. ಆಮೇಲೆ ಹೇಳಿದರು:

"ಉಳುಕಿದ ಕಾಲಿಗೆ ಆರು ವಾರ ಪ್ಲಾಸ್ಟರ್ ಹಾಕೂದು ಚಲೋನೋ, ಬರೇ ಪಟ್ಟಿ ಸುತ್ತಿ ಲಗೂನ ಆಡಸೂದು ಚಲೋನೋ, ಖಾತ್ರಿ ನನಗೂ ಗೊತ್ತಿಲ್ಲ. ಅದಕ್ಕ ಅರ್ಧ ಮಂದಿಗೆ ಅದು, ಅರ್ಧ ಮಂದಿಗೆ ಇದು ಮಾಡಿ ನೋಡಾಕ ಹತ್ತೇನಿ. ಯಾರಿಗೆ ಯಾವುದು ಅನ್ನೂದು ನನ್ನ ಇಚ್ಛಾ ಅಲ್ಲ, ನಿಂದೂ ಅಲ್ಲ. ಕಾರ್ಡಿನ ನಂಬರ್ ಹೇಳತದ. ಒಪ್ಪಿಗಿ ಅದ ಏನು?"

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಡಾಕ್ಟರನ್ನು ನಾನು ಕಂಡಿದ್ದು ಅದೇ ಮೊದಲು. ಹ್ಞೂಂ ಎಂದೆ. ನನಗೆ ಬೆಸ ಅಂಕಿ ಬಂತು. ಬೆಸ ಅಂದರೆ ಪ್ಲಾಸ್ಟರ್.

ನನ್ನ ಹಿಂದೆ ಕುಳಿತಿದ್ದ ಒಬ್ಬರಿಗೆ ಸಮ ಅಂಕಿ ಬಂತು. ಅವರು ರಾಮದುರ್ಗದ ನೇಕಾರರು, ಕಬಡ್ಡಿ ಆಟಗಾರರು, ಎರಡು ಬಸ್ಸು ಬದಲಿಸಿ ಬಂದಿದ್ದರು. ಅವರ ಕಾಲಿಗೆ ಪಟ್ಟಿ ಸುತ್ತಿ, ಕೈಗೆ ಒಂದು ಹಲಗೆ ಕೊಟ್ಟರು. ಹಲಗೆಯ ತಳಕ್ಕೆ ಅರ್ಧ ದುಂಡನೆಯ ಕಟ್ಟಿಗೆ ಬಡಿದಿತ್ತು. ಅದರ ಮೇಲೆ ಒಂಟಿಕಾಲಲ್ಲಿ ನಿಂತು ತೂಗಬೇಕು. ನೇಕಾರಣ್ಣ ಏರಿ, ಗೋಡೆ ಹಿಡಿದು, ನನ್ನ ಕಡೆ ನೋಡಿ ನಕ್ಕರು.

"ತಂಗಿ, ಇದು ನೋಡಾಕ ಹಲಗಿ, ಏರಿದರ ಹುಚ್ಚ ಕುದರಿ."

ನನಗೆ ನಗು ಬರಲಿಲ್ಲ. ಆ ಹಲಗೆ ನನ್ನದಾಗಬೇಕಿತ್ತು ಎಂದು ಹೊಟ್ಟೆ ಉರಿಯಿತು.

ಮುಂದಿನ ದಿನಗಳನ್ನು ಹೇಗೆ ಹೇಳಲಿ. ಮೊಣಕಾಲ ಕೆಳಗೆಲ್ಲ ಬಿಳಿ ಕಲ್ಲು. ಒಳಗೆ ಇರುವೆ ಹರಿದಂಥ ಕೆರೆತ. ಹೆಣಿಗೆ ಕಡ್ಡಿ ತೂರಿಸಿದರೂ ಆ ಜಾಗಕ್ಕೆ ತಲುಪದು. ಹೊರಗೆ ಲಾರಿಗಳು ಬರುತ್ತಿದ್ದವು, ಅಪ್ಪ ಗಾಲಿ ಬಿಚ್ಚಿ ತೂತು ಮುಚ್ಚಿ ಗಾಳಿ ಹಾಕುತ್ತಿದ್ದ, ಅರ್ಧ ತಾಸಿನಲ್ಲಿ ಅವು ಹೊರಟುಹೋಗುತ್ತಿದ್ದವು. ನಮ್ಮ ಬಾಗಿಲಿಗೆ ಕೆಟ್ಟು ಬಂದದ್ದೆಲ್ಲ ರಿಪೇರಿಯಾಗಿ ಹೋಗುತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಕುಳಿತರೆ ಏಳಬೇಕು ಅನ್ನಿಸುವುದು, ಎದ್ದರೆ ಹೊರಗೆ ಹೋಗಬೇಕು ಅನ್ನಿಸುವುದು, ಬಾಗಿಲತನಕ ಕುಂಟಿಕೊಂಡು ಹೋದರೆ ಅಲ್ಲಿ ಮಾಡುವಂಥದ್ದು ಏನೂ ಇಲ್ಲ. ಪುಸ್ತಕ ತೆಗೆದರೆ ಅದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ. ಕಾಲೇಜಿನ ಗೆಳತಿಯರು ನೋಡಲು ಬಂದು, ನನ್ನ ಜಾಗಕ್ಕೆ ಯಾರನ್ನು ಹಾಕಿದ್ದಾರೆಂದು ಹೇಳಿದ ದಿನ ನಾನು ಊಟ ಮಾಡಲಿಲ್ಲ.

ಮೂರನೆಯ ವಾರ, ಒಂದು ಮಧ್ಯಾಹ್ನ. ಅಪ್ಪ ಉಂಡು ಅಡ್ಡಾಗಿದ್ದ, ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಬಕೆಟ್ಟಿನ ನೀರಿಗೆ ಕಾಲಿಳಿಸಿ ಪ್ಲಾಸ್ಟರ್ ಮೆತ್ತಗಾಗುವವರೆಗೆ ಕುಳಿತೆ. ಟೈರಿನ ರಬ್ಬರು ಕೊಯ್ಯುವ ಅಪ್ಪನ ಬಾಗಿದ ಚಾಕು ತಂದು ಮೇಲಿನಿಂದ ಕೆಳಗೆ ಸೀಳಿದೆ. ಒಳಗಿನಿಂದ ಹೊರಬಂದದ್ದು ನನ್ನ ಕಾಲಿನಂತಿರಲಿಲ್ಲ. ಬಿಳಿಚಿಕೊಂಡು, ಸೊರಗಿ, ಮೀನಖಂಡವೆಲ್ಲ ಕರಗಿ ಹೋಗಿತ್ತು. ಹೆದರಿಕೆಯಾಯಿತು. ಆ ಹೆದರಿಕೆಯಲ್ಲೇ ಅವ್ವನ ಲಟ್ಟಣಿಗೆಯನ್ನು ನೆಲಕ್ಕಿಟ್ಟು, ಅದರ ಮೇಲೆ ಊಟದ ಮಣೆ ಇಟ್ಟು, ಗೋಡೆ ಹಿಡಿದು ಏರಿದೆ. ಬಿದ್ದೆ. ಮತ್ತೆ ಏರಿದೆ.

ಹಿಟ್ಟಿನ ಡಬ್ಬಿ ಹೊತ್ತು ಬಂದ ಅವ್ವ ಬಾಗಿಲಲ್ಲೇ ನಿಂತಳು.

"ಏನಿದು? ಕಾಲಿನ ಪ್ಲಾಸ್ಟರ್ ಎಲ್ಲೈತಿ?"

"ತಗದೆ."

"ಯಾರ್ನ ಕೇಳಿ ತಗದಿ? ಹುಚ್ಚ ಹಿಡದೈತೇನ ನಿನಗ?"

"ಕುಂತ್ರ ಹಿಡಿತಿತ್ತವ್ವಾ."

ಆಕೆ ಬಯ್ದಳು, ಅತ್ತಳು, ಕೊನೆಗೆ ಲಟ್ಟಣಿಗೆ ಕಸಿದುಕೊಂಡು ತೊಳೆದಳು. ಮರುದಿನ ಮತ್ತೆ ನಾನು ಅದನ್ನು ತೆಗೆದುಕೊಂಡೆ. ಹಗಲಿಗೆ ಹತ್ತು ಸಲ ಏರುತ್ತಿದ್ದೆ. ವಾರವಾರ ತೋರಿಸಬೇಕಿದ್ದರೂ ಎರಡು ಮಂಗಳವಾರ ದವಾಖಾನೆಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಡಾಕ್ಟರಬಾಯಿಯೇ ಬಂದರು. ಬಸ್ಸಿಳಿದು ಅಪ್ಪನ ಅಂಗಡಿಯಲ್ಲಿ ವಿಚಾರಿಸಿ ನೇರ ಒಳಗೆ ಬಂದರು. ನಾನು ಕಾಲನ್ನು ಉಟ್ಟಿದ್ದ ಪರಕಾರದ ನೆರಿಗೆಯ ಕೆಳಗೆ ಎಳೆದುಕೊಂಡೆ.

"ಎರಡು ವಾರ ಯಾಕ ಬರಲಿಲ್ಲವಾ?"

ಅವ್ವ ಹೇಳಿದಳು, "ಆಕಿನ್ನ ಕೇಳ್ರಿ ಬಾಯಾರ. ನಮ್ಮ ಮಾತು ಕೇಳೂ ಪೈಕಿ ಅಲ್ಲ ಆಕಿ."

ಕಾಲು ಹೊರಗೆ ಚಾಚಿದೆ. ಅವರು ಬಯ್ಯಲಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿದರು, ಟೇಪು ಸುತ್ತಿದರು, ಕಣ್ಣು ಮುಚ್ಚಿಸಿ ಒಂಟಿಕಾಲಲ್ಲಿ ನಿಲ್ಲಿಸಿ ಗಡಿಯಾರ ನೋಡಿದರು. ಯಾವ ದಿನ ಕತ್ತರಿಸಿದೆ, ಯಾವುದರಿಂದ, ದಿನಕ್ಕೆ ಎಷ್ಟು ಸಲ ಏರಿದೆ, ಎಷ್ಟು ಸಲ ಬಿದ್ದೆ, ಎಲ್ಲ ಕೇಳಿ ಬರೆದುಕೊಂಡರು. ಅವರಿಗೆ ಸಿಟ್ಟಿಲ್ಲವೆಂದು ನನಗೆ ಧೈರ್ಯ ಬಂತು.

"ಹಂಗಾರ ನನ್ನ ಹಲಗಿ ಮಂದ್ಯಾಗ ಸೇರಿಸಿಬಿಡ್ರಿ."

"ಆಗೂದಿಲ್ಲ."

"ಹಂಗಾರ ನನ್ನ ಕಾರ್ಡ್ ಹರದ ಒಗೀರಿ."

"ಅದೂ ಆಗೂದಿಲ್ಲ." ಅವರು ಪೆನ್ನು ಮುಚ್ಚಿದರು. "ಚಡಪಡಸೋರನ್ನೆಲ್ಲ ತಗದು, ಹೇಳಿದ್ದು ಕೇಳೋರನ್ನಷ್ಟ ಇಟಗೊಂಡರ, ನಾ ಬರಿಯೂದು ಕಾಲಿನ ಮ್ಯಾಲೆ ಆಗೂದಿಲ್ಲ. ಶಾಣ್ಯಾ ಮಂದಿ ಮ್ಯಾಲೆ ಆಗತದ. ನೀ ಪ್ಲಾಸ್ಟರಿನಾಕಿ, ಕತ್ತರಿಸಿಕೊಂಡಾಕಿ. ಎರಡೂ ಬರೀತೇನಿ. ನನಗ ಕಲಸೂ ದೊಡ್ಡ ಡಾಕ್ಟರು ಬಯ್ಯತಾರ, ಬಯ್ಯಲಿ."

ಅವ್ವ ಕೊಟ್ಟ ಚಹಾವನ್ನು ಎರಡೇ ಗುಟುಕಿಗೆ ಮುಗಿಸಿ ಬಟ್ಟಲನ್ನು ನೆಲಕ್ಕೆ ಕುಕ್ಕಿದರು. ಆಗ ನನಗೆ ತಿಳಿಯಿತು, ಸಿಟ್ಟು ಇತ್ತು, ಅದನ್ನು ಅವರು ಹಿಡಿದಿಟ್ಟುಕೊಂಡಿದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದರು:

"ಸವದತ್ತಿಗೆ ಹೋಗಬ್ಯಾಡ. ಹೋಗತಿ ಅಂತ ಗೊತ್ತದ ನನಗ. ಹೋದರ, ಏನಾತು ಅನ್ನೂದನ್ನ ಬಂದು ಹೇಳು. ಅಷ್ಟರೆ ಮಾಡು."

ಬಯ್ದಿದ್ದರೆ ಮರೆಯುತ್ತಿದ್ದೆನೇನೋ. ಮುಂದಿನ ಮಂಗಳವಾರ ಮೊದಲ ಬಸ್ಸಿಗೇ ಬೈಲಹೊಂಗಲಕ್ಕೆ ಹೋದೆ. ನೇಕಾರಣ್ಣ ಬೆಂಚಿನ ಮೇಲೆ ಕುಳಿತಿದ್ದರು. ನಡೆದದ್ದೆಲ್ಲ ಅವರಿಗೆ ಹೇಳಿದೆ. ಅವರು ನಗಲಿಲ್ಲ. ಡಾಕ್ಟರಬಾಯಿ ಕೂಗಿ ಕರೆದಾಗ ಎದ್ದು ಕೈಜೋಡಿಸಿ ನಿಂತರು.

"ಬಾಯಾರ, ಈ ತಂಗಿ ಖರೆ ಹೇಳಿದ ಮ್ಯಾಲೆ ನಾ ಸುಳ್ಳು ಇಟಗೊಂಡು ಕುಂಡ್ರಾಕ ಆಗೂದಿಲ್ಲರಿ. ಹಲಗಿ ಮ್ಯಾಲೆ ನಾ ನಿಂತಿದ್ದು ನಿಮ್ಮ ಮುಂದಷ್ಟರಿ. ಮನ್ಯಾಗ ಅದು ಅಟ್ಟ ಏರೈತಿ. ಎರಡನೇ ದಿನಕ್ಕನ ಮಗ್ಗಕ್ಕ ಕುಂತೆ. ಮುಂಜಾನಿಂದ ಸಂಜೀತನಕ ಕಾಲಿಲೆ ತುಳಿಯೂದ ಕೆಲಸ. ಕಾಲ ನೋವು ಕಮ್ಮಿ ಆಗಿದ್ದು ಅದರಿಂದನೋ ಏನೋ."

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. ಆಮೇಲೆ ನಗತೊಡಗಿದರು. ನಗುತ್ತ ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅದೆಲ್ಲ ನಗುವಿನ ನೀರೇ ಆಗಿರಲಿಲ್ಲ. ಕೊನೆಗೆ ಕಾರ್ಡು ಎಳೆದುಕೊಂಡು ಕೇಳಿದರು, "ದಿನಾ ಎಷ್ಟು ತಾಸು ತುಳೀತೀರಿ? ಎರಡೂ ಕಾಲಿಲೇನೋ, ಒಂದರಿಂದನೋ?"

ಸವದತ್ತಿಗೆ ನಾನು ಹೋದೆ. ಹೋಗದಿರಲು ನನ್ನಿಂದ ಆಗಲಿಲ್ಲ. ಹೊರಡುವ ಮೊದಲು ಕಾಲಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಮಾಸ್ತರರ ಮುಂದೆ ಓಡಿ ತೋರಿಸಿ ನಂಬಿಸಿದ್ದೆ. ಮೊದಲ ಸರದಿಯಲ್ಲಿ ಚೆನ್ನಾಗಿಯೇ ಓಡಿದೆ. ನೆಲ ಕಾಲಿಗೆ ತಾಗಿದ ಆ ಹೊತ್ತಿನ ಸುಖ ಈಗಲೂ ನೆನಪಿದೆ. ಎರಡನೆಯ ಸರದಿಯಲ್ಲಿ, ಸುಮ್ಮನೆ ದಿಕ್ಕು ಬದಲಿಸುವಾಗ, ಅದೇ ಹರಡು ಅದೇ ಕಡೆಗೆ ಮಡಚಿತು. ಬೇವಿನ ಮರದ ಬುಡದಲ್ಲಿ ಕಾಲು ಚಾಚಿ ಕುಳಿತು ನಮ್ಮವರು ಸೋಲುವುದನ್ನು ನೋಡಿದೆ. ನನ್ನ ಜಾಗಕ್ಕೆ ಮೊದಲು ಆರಿಸಿದ್ದ ಹುಡುಗಿ ಆಡಿದ್ದರೆ ಗೆಲ್ಲುತ್ತಿದ್ದೆವೇನೋ. ಅವಳೇ ನನಗೆ ನೀರು ತಂದುಕೊಟ್ಟಳು. ಅವಳ ಮುಖ ನೋಡಲು ನನಗಾಗಲಿಲ್ಲ.

ಮಂಗಳವಾರ ಹೋಗಿ ಎಲ್ಲ ಹೇಳಿದೆ. ಡಾಕ್ಟರಬಾಯಿ ಬರೆದುಕೊಂಡು, ಎದ್ದು ಹೋಗಿ, ತಮ್ಮ ಕೋಣೆಯ ಹಲಗೆ ತಂದು ನನ್ನ ಮುಂದಿಟ್ಟರು.

"ಲೆಕ್ಕಕ್ಕ ನೀ ಇನ್ನೂ ಪ್ಲಾಸ್ಟರಿನಾಕಿನ. ಇದು ಲೆಕ್ಕಕ್ಕಲ್ಲ, ನಿನ್ನ ಕಾಲಿಗೆ. ಬಾವು ಇಳಿದ ಮ್ಯಾಲೆ ದಿನಕ್ಕ ಎರಡ ಸಲ ಏರು. ಹತ್ತು ಸಲ ಅಲ್ಲ. ಎರಡು."

ಹತ್ತು ಸಲ ಏರುವುದು ಸುಲಭವಿತ್ತು. ಎರಡೇ ಸಲ ಏರಿ, ಇಳಿದು, ನಾಳೆಗೆ ಕಾಯುವುದು ನಾನು ಮಾಡಿದ ಅತಿ ಕಷ್ಟದ ಅಭ್ಯಾಸ. ಮೂರು ತಿಂಗಳು ಮಾಡಿದೆ. ಮುಂದೆ ನಾನು ಆಟದ ಶಿಕ್ಷಕಿಯಾದೆ. ಕಾಲು ಉಳುಕಿಸಿಕೊಂಡು ಬಂದ ಎಷ್ಟೋ ಹುಡುಗಿಯರಿಗೆ ಆ ಎರಡು ಸಲದ ಮಾತು ಹೇಳಿದ್ದೇನೆ. ಕೇಳಿದವರು ಕಡಿಮೆ. ಅವರ ಮೇಲೆ ಸಿಟ್ಟಾಗಲು ನನಗೆ ಬರುವುದಿಲ್ಲ.

ಒಂದು ವರ್ಷ ತುಂಬಿದ ಮೇಲೆ ಡಾಕ್ಟರಬಾಯಿ ಕೊನೆಯ ಅಳತೆಗೆ ಕಿತ್ತೂರಿಗೆ ಬಂದರು. ಹಿಂದಿನ ದಿನ ಇದೇ ಅಳತೆಗೆ ಹೂಲಿ ಊರಿನ ಒಬ್ಬ ಪೈಲವಾನನನ್ನು ಹುಡುಕಿ ಹೊಲದವರೆಗೂ ನಡೆದಿದ್ದರಂತೆ. ಎಲ್ಲ ಅಳೆದು ಮುಗಿಸಿದ ಮೇಲೆ ನಾನು ಕೇಳಿದೆ, "ಯಾವುದು ಚಲೋ ಅಂತ ಗೊತ್ತಾತೇನ್ರಿ?"

"ಖಾತ್ರಿ ಹೇಳಾಕ ಬರೂದಿಲ್ಲ. ಹಲಗಿನ ಚಲೋ ಅನ್ನಸ್ತದ. ಅನ್ನಸೂದು ಬ್ಯಾರೆ, ಗೊತ್ತಾಗೂದು ಬ್ಯಾರೆ." ಟೇಪು ಸುತ್ತಿ ಚೀಲಕ್ಕೆ ಹಾಕುತ್ತ ಹೇಳಿದರು, "ಮನಿಗೆ ಹೋದ ಮ್ಯಾಲೆ ನೀವು ಖರೆ ಏನು ಮಾಡತೀರಿ ಅಂತ ಕೇಳಬೇಕು ಅನ್ನೂದಂತೂ ಕಲತೆ."

ಧಾರವಾಡದ ಬಸ್ಸು ಬಂತು, ಅವರು ಹತ್ತಿ ಕುಳಿತರು. ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದವರು ತಟ್ಟನೆ ತಲೆ ಹೊರಗೆ ಹಾಕಿ ಕೂಗಿದರು:

"ಎಡಕ್ಕ ವಾಲಿ ನಿಂತಿ ನೋಡು! ಬಲಗಾಲ ಮ್ಯಾಲೆ ಭಾರ ಹಾಕು!"

ಹಾಕಿದೆ. ಕಾಲು ಹೊತ್ತುಕೊಂಡಿತು.