ಪುಟ್ಟತಾಯಮ್ಮ ಮುಚ್ಚಗೊಡದ ಬಾವಿ

ಮೇಟಗಳ್ಳಿಯ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಪುಟ್ಟತಾಯಮ್ಮನ ಮೆಸ್ಸಿನ ಮುದ್ದೆ, ಅವರೆಕಾಳು ಸಾರು ಉಣ್ಣದವರು ಕಡಿಮೆ. ನಾನೂ ಅಲ್ಲಿ ಉಂಡವನೇ. ಮನೆಯ ಮುಂದಿನ ಜಗಲಿಗೆ ತಗಡಿನ ಚಾವಣಿ ಇಳಿಸಿ, ಬೆಂಚು ಹಾಕಿ, ಗಂಡ ತೀರಿಕೊಂಡ ವರ್ಷ ಶುರು ಮಾಡಿದ ಮೆಸ್ಸು. ಹಿತ್ತಲಲ್ಲಿ ಒಂದು ಬಾವಿ. ಮೇಟಗಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅವರ ಮಾವ ಬಂಡೆ ಸೀಳಿಸಿ ತೋಡಿಸಿದ್ದು. ನಲ್ಲಿ ನೀರು ಬಂದ ಮೇಲೂ ಪುಟ್ಟತಾಯಮ್ಮ ಅಡುಗೆಗೆ ಆ ಬಾವಿಯ ನೀರನ್ನೇ ಸೇದುತ್ತಿದ್ದರು. ಬೇಳೆ ಬೇಗ ಬೇಯುತ್ತದೆ ಎನ್ನುವುದು ಅವರ ವಾದ.

ಮಗ ರವಿಚಂದ್ರನಿಗೆ ಬಾವಿ ಎಂದರೆ ಸುಮ್ಮನೆ ಜಾಗ ತಿನ್ನುವ ಹೊಂಡ. ಅದನ್ನು ಮುಚ್ಚಿ ಮೆಸ್ಸನ್ನು ಹಿಂದಕ್ಕೆ ಬೆಳೆಸಬೇಕೆಂದು ಅವನ ಆಸೆ. ಒಂದು ದಿನ ತಾಯಿಗೆ ಹೇಳದೆ, ಯಾವುದೋ ಕೆಡವಿದ ಮನೆಯ ಇಟ್ಟಿಗೆ ಮಣ್ಣು ತುಂಬಿದ ಲಾರಿ ತರಿಸಿಬಿಟ್ಟ. ಪುಟ್ಟತಾಯಮ್ಮ ಅಕ್ಕಿಯ ಮೊರ ಹಿಡಿದುಕೊಂಡು ಬಂದು ಬಾವಿಕಟ್ಟೆಯ ಮೇಲೆ ಕೂತರು. ಕಲ್ಲು ಆರಿಸುತ್ತಾ ಡ್ರೈವರಿಗೆ ಹೇಳಿದರು:

"ಮೊದ್ಲು ನನ್ ಮೇಲೆ ಸುರಿಯಪ್ಪ. ಆಮೇಲೆ ಬಾವಿಗೆ."

"ಅವ್ವ, ಈ ಬೀದೀಲಿ ಎಲ್ರೂ ಮುಚ್ಚವ್ರೆ. ನಿಂದೊಂದೇ ಏನು?" ರವಿಚಂದ್ರ ರೇಗಿದ.

"ಎಲ್ರೂ ಮುಚ್ಚವ್ರೆ, ಅದಕ್ಕೇ ಕಣ್ಲಾ."

ಪಕ್ಕದ ಮನೆಯ ಮಹದೇವು ಹೊರಗೆ ಬಂದು, ಅರ್ಧ ಮುಚ್ಚಿದ್ದ ತನ್ನ ಬಾವಿಗಾದರೂ ಹಾಕಿ ಎಂದ. ಲಾರಿ ಅಲ್ಲಿ ಖಾಲಿಯಾಯಿತು. ರವಿಚಂದ್ರ ಆ ವಾರವೆಲ್ಲ ತಾಯಿಯ ಜೊತೆ ಮಾತಾಡಲಿಲ್ಲ. ಊಟ ಮಾತ್ರ ಬಿಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಿತು. ಬಿಂದಿಗೆ ಬಂಡೆಗೆ ತಾಗಿ ಸದ್ದಾಗುತ್ತಿತ್ತು. ಅಂಥ ಒಂದು ಬೆಳಿಗ್ಗೆ ಸೇದಿದ ನೀರನ್ನು ಪಾತ್ರೆಗೆ ಬಗ್ಗಿಸುವಾಗ ಏನೋ ಮಿಸುಕಿತು. ಕಿರುಬೆರಳಿನಷ್ಟು ಉದ್ದದ ಮೀನು. ಮೈಬಣ್ಣ ತಿಳಿಗೆಂಪು. ಬಾಯಿಯ ಸುತ್ತ ಸಣ್ಣ ಮೀಸೆ. ಕಣ್ಣಿರಬೇಕಾದ ಜಾಗದಲ್ಲಿ ಬರೀ ಚರ್ಮ.

ಪುಟ್ಟತಾಯಮ್ಮನಿಗೆ ಅದರ ಗುರುತು ಸಿಕ್ಕಿತು. ಮದುವೆಯಾಗಿ ಬಂದ ಹೊಸತರಲ್ಲಿ ಇಂಥದ್ದೇ ಒಂದು ಬಿಂದಿಗೆಯಲ್ಲಿ ಬಂದಿತ್ತು. ಅತ್ತೆ ಅದನ್ನು ಕುರುಡು ಮೀನು ಎಂದು ಕರೆದು, ಹುಷಾರಾಗಿ ಬಾವಿಗೇ ಇಳಿಸಿದ್ದರು. ಅದಾದ ಮೇಲೆ ಇಷ್ಟು ಕಾಲ ಒಂದೂ ಕಂಡಿರಲಿಲ್ಲ.

"ಬಿಂದೂ, ಬಾ ಇಲ್ಲಿ. ಇದ್ರ ಫೋಟೋ ಹಿಡಿ," ಎಂದು ಸೊಸೆಯನ್ನು ಕೂಗಿದರು.

ಸೊಸೆ ಬಿಂದುಶ್ರೀ ಬಿ.ಎಸ್ಸಿ. ಓದಿದವಳು. ಚಿತ್ರ ನೋಡಿದಾಗ ಅವಳಿಗೂ ಇದು ಮಾಮೂಲಿ ಮೀನಲ್ಲ ಅನ್ನಿಸಿತು. ತನಗೆ ಪ್ರಾಣಿಶಾಸ್ತ್ರ ಕಲಿಸಿದ್ದ ತನ್ಮಯಿ ಮೇಡಂಗೆ ಕಳಿಸಿದಳು. ಒಂಟಿಕೊಪ್ಪಲಿನಲ್ಲಿದ್ದ ತನ್ಮಯಿ ತಿಂಡಿ ಅರ್ಧಕ್ಕೆ ಬಿಟ್ಟು ಸ್ಕೂಟರ್ ಹತ್ತಿ ಬಂದರು. ಬಾವಿಯ ನೀರೇ ತುಂಬಿದ್ದ ಸ್ಟೀಲ್ ಬೇಸಿನ್ನಿನ ಮುಂದೆ ನೆಲದ ಮೇಲೆ ಕೂತು, ಬಹಳ ಹೊತ್ತು ನೋಡಿದರು.

"ಅಮ್ಮಾ, ಇಂಥ ಮೀನು ನಮ್ಮ ಸೀಮೆಯಲ್ಲಿ ಒಂದೇ ಒಂದು ಸಲ ಸಿಕ್ಕಿತ್ತು. ನನ್ನ ತಾತನ ಕಾಲದಲ್ಲಿ. ಅದು ಈಗಲೂ ಒಂದು ಮ್ಯೂಸಿಯಮ್ಮಿನ ಬಾಟಲಿಯಲ್ಲಿದೆ. ಆಮೇಲೆ ಆ ಬಾವಿ ಮುಚ್ಚಿಹೋಯ್ತು. ಎಷ್ಟು ಜನ ಹುಡುಕಿದರೂ ಸಿಗಲಿಲ್ಲ. ಈ ಜಾತಿ ಭೂಮಿ ಮೇಲೇ ಇಲ್ಲ ಅಂತ ತೀರ್ಮಾನ ಆಗಿಹೋಗಿದೆ."

"ಅದೇನಾ ಇದು?"

"ಹಾಗನ್ನಿಸ್ತಿದೆ. ಆದರೆ ನಾನೊಬ್ಬಳೇ ಹೇಳಿದರೆ ಆಗಲ್ಲ."

ತನ್ಮಯಿ ಫೋನ್ ಮಾಡಿದ್ದಕ್ಕೆ, ಮಧ್ಯಾಹ್ನದ ಹೊತ್ತಿಗೆ ಮೀನುಗಳ ಬಗ್ಗೆ ಸಂಶೋಧನೆ ಮಾಡುವ ನಿರಂಜನ್ ಎಂಬವರು ಬಂದರು. ಮೀನನ್ನು ಕೊಂಡೊಯ್ದು ಔಷಧದಲ್ಲಿ ಇಡಬೇಕು, ಮೂಳೆ ಮೂಳೆ ಪರೀಕ್ಷೆ ಆಗಬೇಕು, ಆಗಲೇ ಪ್ರಪಂಚ ನಂಬುವುದು ಎಂದು ವಿವರಿಸಿದರು.

"ಔಷಧದಲ್ಲಿ ಇಟ್ರೆ ಬದುಕ್ತದಾ?" ಪುಟ್ಟತಾಯಮ್ಮ ಕೇಳಿದರು.

"ಇಲ್ಲಮ್ಮ. ಆದರೆ ನಿಮ್ಮ ಹೆಸರು ಉಳಿಯುತ್ತೆ."

"ಇದ್ರ ಜೊತೇದು ಇನ್ನೊಂದು ಐತೆ ಅಂತ ನಿಮ್ಗೆ ಗೊತ್ತಾ?"

ನಿರಂಜನ್ ಪ್ರಾಮಾಣಿಕ ಮನುಷ್ಯ. "ಗೊತ್ತಿಲ್ಲ," ಎಂದರು.

"ಅಂಗಾದ್ರೆ ಬುಟ್ಬುಡಿ. ಇದೇ ಕೊನೇದಾದ್ರೆ, ಸಾಯಿಸ್ದೋಳು ನಾನಾಯ್ತೀನಿ. ಅಂಥ ಹೆಸ್ರು ನಂಗೆ ಬ್ಯಾಡ."

ಮೆಸ್ಸಿನಲ್ಲಿ ಉಣ್ಣುತ್ತಿದ್ದವರೆಲ್ಲ ಕೈ ತೊಳೆಯುವುದನ್ನೂ ಮರೆತು ನಿಂತಿದ್ದರು. ತನ್ಮಯಿ ಒಂದು ದಾರಿ ಹೇಳಿದರು. ಬಾಲದ ಅಂಚಿನಿಂದ ಸಾಸಿವೆಯಷ್ಟು ಚೂರು ತೆಗೆದರೆ ಮೀನಿಗೆ ಅಪಾಯವಿಲ್ಲ, ಅದು ಮತ್ತೆ ಬೆಳೆಯುತ್ತದೆ. ಎಲ್ಲ ಕಡೆಯಿಂದ ಫೋಟೋ ತೆಗೆದು ಬಾಟಲಿಯ ಮೀನಿನ ಜೊತೆ ಹೋಲಿಸೋಣ ಎಂದರು. ಸ್ವಲ್ಪ ಯೋಚಿಸಿ ನಿರಂಜನ್ ಒಪ್ಪಿದರು. ಕೆಲಸ ಮುಗಿದ ಮೇಲೆ ಪುಟ್ಟತಾಯಮ್ಮ ಮೀನನ್ನು ಬಿಂದಿಗೆಯಲ್ಲಿಟ್ಟು, ನೀರು ತುಳುಕದಂತೆ ಹಗ್ಗ ಇಳಿಸಿದರು. ಹಗ್ಗದ ಇನ್ನೊಂದು ತುದಿಯನ್ನು ಯಾರೂ ಕರೆಯದೆಯೇ ರವಿಚಂದ್ರ ಬಂದು ಹಿಡಿದುಕೊಂಡಿದ್ದ.

ಆದರೆ ಒಂದು ಮೀನು ಸಿಕ್ಕರೆ ಸಾಲದು. ಅದು ಅಳಿದುಳಿದ ಒಂಟಿ ಜೀವವೋ, ಕೆಳಗಿನ ಬಂಡೆಯ ಬಿರುಕುಗಳಲ್ಲಿ ಸಂಸಾರ ಮಾಡಿಕೊಂಡಿದೆಯೋ ತಿಳಿಯಬೇಕಿತ್ತು. ಅವತ್ತಿನಿಂದ ಪುಟ್ಟತಾಯಮ್ಮ ಪ್ರತಿ ಬಿಂದಿಗೆಯನ್ನೂ ತೆಳುವಾದ ಬಿಳಿ ಬಟ್ಟೆಯಲ್ಲಿ ಸೋಸತೊಡಗಿದರು. ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದರು. ಸೋಪಿನ ನೀರು ಆ ಕಡೆ ಹರಿಯದಂತೆ ರವಿಚಂದ್ರ ಚರಂಡಿ ತಿರುಗಿಸಿದ. "ಏನ್ರಮ್ಮ, ಇವತ್ತಾದ್ರೂ ಸಿಕ್ತಾ?" ಎಂದು ಗಿರಾಕಿಗಳು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಮಳೆ ಹಿಡಿದು ಬಾವಿಯಲ್ಲಿ ನೀರೇರಿದ ಮೇಲೆ, ಒಂದು ಬೆಳಿಗ್ಗೆ ನಾವು ಇಡ್ಲಿ ತಿನ್ನುತ್ತಿದ್ದಾಗ ಹಿತ್ತಲಿನಿಂದ ಕೂಗು ಕೇಳಿತು. ಬಿದ್ದುಬಿಟ್ಟರೇನೋ ಎಂದು ಓಡಿದೆವು. ಪುಟ್ಟತಾಯಮ್ಮ ಸೋಸಿದ ಬಟ್ಟೆಯನ್ನು ಬೇಸಿನ್ನಿನ ನೀರಲ್ಲಿ ಬಿಡಿಸಿ ಹಿಡಿದಿದ್ದರು. ಅದರಲ್ಲಿ ಜೀರಿಗೆ ಕಾಳಿಗಿಂತ ಚೂರು ದೊಡ್ಡದಾದ, ಗಾಜಿನಂತೆ ಹೊಳೆಯುವ ಎರಡು ಜೀವ ಒದ್ದಾಡುತ್ತಿದ್ದವು.

"ಮರಿ ಕಣ್ರಪ್ಪ, ಮರಿ! ನಮ್ಮನೆ ಬಾವೀಲಿ ಮರಿ ಹಾಕವೆ!"

ಅವರ ಕಣ್ಣಲ್ಲಿ ನೀರಿತ್ತು. ಬಿಂದುಶ್ರೀ ಅತ್ತೆಯನ್ನು ತಬ್ಬಿಕೊಂಡಳು.

ತನ್ಮಯಿ ಮತ್ತು ನಿರಂಜನ್ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದ್ದರು. ಮೀಸೆ, ತಲೆ, ಬಾಲ ಎಲ್ಲವೂ ಬಾಟಲಿಯ ಮೀನಿಗೆ ಹೊಂದಿದವು. ಬಾಲದ ಚೂರಿನ ಪರೀಕ್ಷೆಯಲ್ಲೂ ಅದು ಗೊತ್ತಿರುವ ಬೇರಾವ ಮೀನೂ ಅಲ್ಲವೆಂದು ಬಂತು. ಇಲ್ಲವಾಯಿತು ಎಂದುಕೊಂಡಿದ್ದ ಮೀನು ಇಷ್ಟು ವರ್ಷ ಕಾರ್ಖಾನೆಗಳ ಸದ್ದಿನ ಕೆಳಗೆ, ನಾವು ಉಂಡ ಸಾರಿನ ನೀರಿನಲ್ಲಿ, ಬದುಕಿಯೇ ಇತ್ತು.

ಈ ಸುದ್ದಿ ತಿಳಿಸಲು ತನ್ಮಯಿಯ ಕಾಲೇಜಿನಲ್ಲಿ ಸಭೆಯಾಯಿತು. ಪುಟ್ಟತಾಯಮ್ಮ ಮದುವೆಗೆ ಮಾತ್ರ ಉಡುತ್ತಿದ್ದ ರೇಷ್ಮೆ ಸೀರೆ ಉಟ್ಟು, ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಪತ್ರಿಕೆಯವರೊಬ್ಬರು, "ನಿಮ್ಮದು ಒಳ್ಳೆ ಅದೃಷ್ಟ ಅಮ್ಮ," ಎಂದರು.

"ಅದೃಷ್ಟ ಏನ್ ಬಂತು ಕಣಪ್ಪ? ಮಗನ್ ಜೊತೆ ಜಗಳ ಆಡಿ ಉಳಿಸ್ಕೊಂಡಿರೋ ಬಾವಿ ಅದು. ಅಂಗಂತ್ಲೇ ಬರ್ಕೊ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ರವಿಚಂದ್ರ.

ಅದಾಗಿ ಕೆಲವು ದಿನಕ್ಕೆ ಮಹದೇವು ಮೆಸ್ಸಿಗೆ ಬಂದು, ಉಣ್ಣದೆ, ತಲೆ ಕೆರೆದುಕೊಂಡು ನಿಂತ.

"ಅಕ್ಕಾ, ನಮ್ಮನೆ ಬಾವಿಗೂ ನಿಮ್ಮನೆ ಬಾವಿಗೂ ಕೆಳಗೆ ಒಂದೇ ಬಂಡೆ ಅಲ್ವಾ?"

"ಒಂದೇಯ. ಏನೀಗ?"

"ಮಣ್ಣೆತ್ತಿಸ್ಬುಡಾನ ಅಂತ."

ಭಾನುವಾರ ಬೀದಿಯ ಗಂಡಸರೆಲ್ಲ ಬಾಂಡ್ಲಿ ಹಿಡಿದು ಸೇರಿದರು. ರವಿಚಂದ್ರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಗಿಳಿದ. ನಾವು ಸಾಲಾಗಿ ನಿಂತು ಇಟ್ಟಿಗೆ ಚೂರು ಸಾಗಿಸಿದೆವು. ನಡುವೆ ಪುಟ್ಟತಾಯಮ್ಮ ಎಲ್ಲರಿಗೂ ಮಜ್ಜಿಗೆ ಕೊಡುತ್ತಾ, "ಕಲ್ಲಿನ್ ಸಂದಿ ನೋಡ್ಕೊಂಡು ಅಗೀಲಾ, ಒಳಗವೆ ಅವು," ಎಂದು ಮಗನಿಗೆ ಮೇಲಿನಿಂದ ಹೇಳುತ್ತಿದ್ದರು. ಮೀನು ಅಲ್ಲಿ ಇನ್ನೂ ಕಂಡಿಲ್ಲ. ನೀರು ಮಾತ್ರ ಬಂದಿದೆ, ತಿಳಿಯಾಗಿದೆ, ಮಹದೇವುವಿನ ಹೆಂಡತಿ ದಿನಾ ಬಟ್ಟೆಯಲ್ಲಿ ಸೋಸುತ್ತಾಳೆ.